ಕಣ್ಣಿಗೆ ಕಟ್ಟಿದ ಬಟ್ಟೆ

ಗ್ರೀಕರ ಮೆಡೂಸಾಳ ಕಾಲದಿಂದಲೂ ಹೀಗೆಯೇ: ಅತ್ಯಾಚಾರ ಮಾಡುವವನು ಗಂಡು, ತಲೆಯಲ್ಲಿ ಹಾವು ಬೆಳೆಯುವುದು, ಮುಖ ನೋಡಿದವರು ಕಲ್ಲಾಗುವ ಶಾಪ ತಗಲುವುದು ಹೆಣ್ಣಿಗೆ. ನೀಲವ್ವನ ಹಾವುಗಳಿಗೆ ಅವ್ವ ಬೆಳಿಗ್ಗೆಯೇ ಎಣ್ಣೆ ಹಚ್ಚಿ, ಜಡೆ ಹೆಣೆದು, ಮಲ್ಲಿಗೆ ಮುಡಿಸಿ ಕೋರ್ಟಿಗೆ ಕರೆತಂದಿದ್ದಳು. ಬಾಗಿಲಲ್ಲೇ ಪೇದೆ ರೂಢಿಯಂತೆ ನೀಲವ್ವನ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದ.

"ಸಾಲಾಗಿ ನಿಂತಿರುವ ಈ ಐವರಲ್ಲಿ ಅಪರಾಧಿ ಯಾರು, ತೋರಿಸಮ್ಮ," ಎಂದರು ನ್ಯಾಯಾಧೀಶರು.

"ಕಣ್ಣು ಕಟ್ಟಿ ತೋರ್ಸು ಅಂದ್ರ ಹ್ಯಾಂಗ್ರಿ ಸಾಹೇಬ್ರ?" ಎಂದಳು ನೀಲವ್ವ.

"ಬಿಚ್ಚಿದರೆ ನೋಡಿದವರೆಲ್ಲ ಕಲ್ಲಾಗುತ್ತಾರೆ!" ಎಂದು ಆರೋಪಿ ಪರ ವಕೀಲ ಎದ್ದು ನಿಂತ.

"ಮೈಮ್ಯಾಲೆ ಬಿದ್ದಾಂವ ಅಷ್ಟೇ ಕಲ್ಲಾಗ್ತಾನ. ನಮ್ಮಪ್ಪ ದಿನಾ ನನ್ನ ಮಾರಿ ನೋಡ್ತಾನ, ಕಲ್ಲಾಗ್ಯಾನೇನು?"

ನ್ಯಾಯಾಧೀಶರು "ಬಿಚ್ಚಿ," ಎಂದರು. ಅವ್ವ ಗಂಟಿಗೆ ಕೈ ಹಾಕಿದಳು. ಸಾಲಿನಲ್ಲಿದ್ದ ನಾಲ್ವರು ನೋಡುತ್ತಲೇ ನಿಂತಿದ್ದರು. ಐದನೆಯವನು, ಗಂಟು ಸಡಿಲಾಗುವ ಮೊದಲೇ, ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡ.