ಏಳನೆಯ ಶನಿವಾರ

ಸಹಿ ಹಾಕಲು ಪೆನ್ನು ಎತ್ತಿಕೊಂಡ ಮಾರ್ಗೊ ಹಾಗೆಯೇ ನಿಂತಳು. ಕಾಲೇಜಿನ ಭೇಟಿ ಪುಸ್ತಕದಲ್ಲಿ ಅವಳ ಹೆಸರು ಆಗಲೇ ಆರು ಸಲ ಇತ್ತು. ಆರೂ ಶನಿವಾರಗಳು, ಆರೂ ಅವಳದೇ ಕೈಬರಹ. ಪೆಲ್ಟಿಯರ್ ಎಂದು ಬರೆದು ಕೊನೆಗೆ ಅವಳು ಎಳೆಯುವ ಪುಟ್ಟ ಬಾಲ ಕೂಡ. ಆದರೆ ಅವಳು ಈ ಊರಿಗೆ ಕಾಲಿಟ್ಟದ್ದು ಇವತ್ತೇ ಮೊದಲು.

"ಯಾಕಮ್ಮಾ, ಪೆನ್ನು ಬರೀತಿಲ್ವಾ?" ಪ್ರವೇಶ ವಿಭಾಗದ ಮಿಸೆಸ್ ವಿನ್‌ಸ್ಲೋ ನಕ್ಕರು. "ಎಲ್ರೂ ಒಂದ್ಸಲ ಬಂದು ಫೋಟೊ ತೆಗೆಸ್ಕೊಂಡು, ಅರ್ಜಿಯಲ್ಲಿ ಇದೇ ನನ್ನ ಕನಸಿನ ಕಾಲೇಜು ಅಂತ ಬರೆದು ಮಾಯ ಆಗ್ತಾರೆ. ಪ್ರತಿ ವಾರ ಬರೋಳು ನೀನೊಬ್ಬಳೇ. ಆಸಕ್ತಿ ಅಂದ್ರೆ ಇದು ಅಂತ ಸೀಟು ಕೊಡೋ ಸಮಿತಿಯವರಿಗೂ ಹೇಳಿದೀನಿ."

ಆ ಕನಸಿನ ವಾಕ್ಯವನ್ನು ಮಾರ್ಗೊ ಕಾಲೇಜಿನ ಹೆಸರಷ್ಟೇ ಬದಲಿಸಿ ಒಂಬತ್ತು ಕಾಲೇಜುಗಳಿಗೆ ಕಳಿಸಿದ್ದಳು. ಎಂಟು ಕಾಲೇಜುಗಳು ಇಲ್ಲ ಎಂದಿದ್ದವು. ಇದೊಂದು ಮಾತ್ರ ಕಾಯುವ ಪಟ್ಟಿಯಲ್ಲಿ ಇಟ್ಟಿತ್ತು. ಬಂದದ್ದು ನಾನಲ್ಲ ಎಂದರೆ ಇದೂ ಹೋಗುತ್ತದೆ.

"ಹೌದು ಮೇಡಂ, ಅಷ್ಟೂ ಸಲ ಬಂದಿದ್ದು ನಾನೇ," ಎಂದು ಅವಳು ಏಳನೆಯ ಸಹಿ ಹಾಕಿದಳು.

ಗೋಡೆ ಗಡಿಯಾರ ಹತ್ತು ಹೊಡೆಯಿತು. ಮಿಸೆಸ್ ವಿನ್‌ಸ್ಲೋ ಪ್ರತಿ ಶನಿವಾರದ ರೂಢಿಯಂತೆ ಕಿಟಕಿಯತ್ತ ತಿರುಗಿ ಕೈ ಬೀಸಹೋದರು. ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಹೊರಗೆ ನೋಡಿದರು, ಮಾರ್ಗೊಳ ಮುಖ ನೋಡಿದರು, ಮತ್ತೆ ಹೊರಗೆ ನೋಡಿದರು.

"ಹಾಗಾದ್ರೆ," ಎಂದರು ಮೆಲ್ಲಗೆ, "ಆ ಮೆಟ್ಟಿಲು ಹತ್ತಿ ಬರ್ತಿರೋಳು ಯಾರಮ್ಮಾ?"