ಬಾಗಿಲಲ್ಲಿ ಒಂದು ಉಸಿರು

“ಊದು,” ಎಂದರು ಪ್ರವಚನಕಾರರು, ಬಾಗಿಲಿಗೆ ಅಡ್ಡ ನಿಂತು. ಕುಡಿತ ಬಿಟ್ಟು ವರ್ಷವಾಗುತ್ತ ಬಂದಿದ್ದ ಮಗ ಮೆಟ್ಟಿಲ ಮೇಲೇ ನಿಂತ. “ಕಾಣದ್ದನ್ನ ನಂಬಿ ಅಂತ ಸಂಜೆಯಷ್ಟೇ ಸಭೆಯಲ್ಲಿ ಗಂಟಲು ಹರ್ಕೊಂಡು ಬಂದಿದೀರಿ,” ಎಂದು ಒಳಗಿಂದ ಅವರ ಹೆಂಡತಿ ಗೊಣಗಿದಳು.

“ದೇವರಿಗೆ ಸಾಕ್ಷಿ ಬೇಡ ಕಣೇ. ಇವನಿಗೆ ಬೇಕು. ಇಷ್ಟು ಹೊತ್ತು ಎಲ್ಲಿದ್ದ ಕೇಳು.”

ಮಗ ಬಾಯಿ ತೆರೆದು ಊದಿದ. ಅವರು ಮೂಗನ್ನು ಅವನ ತುಟಿಯ ಹತ್ತಿರಕ್ಕೇ ಒಯ್ದರು. ಬರೀ ಹಸಿದ ಹೊಟ್ಟೆಯ ವಾಸನೆ. ಅದೂ ಸಾಲದೆ ಅಂಗಿಯ ಕಾಲರು ಹಿಡಿದು ಮೂಸಿದರು. ಬೆವರು, ಅಷ್ಟೇ.

ಕಾಲರು ಬಿಟ್ಟ ಮೇಲೆ ಮಗ ಜೇಬಿನಿಂದ ಅವರ ಕನ್ನಡಕ ತೆಗೆದು ಕೊಟ್ಟ. “ಸಭೆಯಲ್ಲಿ ಮೇಜಿನ ಮೇಲೇ ಬಿಟ್ಟು ಬಂದಿದ್ರಿ. ಬಾಗಿಲು ಹಾಕ್ಬಿಟ್ಟಿದ್ರು. ಕಾವಲುಗಾರನ್ನ ಹುಡುಕಿ ಬೀಗ ತೆಗೆಸೋ ಹೊತ್ತಿಗೆ ತಡ ಆಯ್ತು.”

“ನೀನೂ ಸಭೆಗೆ ಬಂದಿದ್ಯಾ?”

“ದಿನಾ ಬರ್ತೀನಲ್ಲ. ಹಿಂದಿನ ಬೆಂಚು.”

ಅವರು ಕನ್ನಡಕ ಹಾಕಿಕೊಂಡರು. ಹಾಕಿಕೊಳ್ಳಬಾರದಿತ್ತು. ಮಗನ ಮುಖ ಸ್ಪಷ್ಟವಾಗಿ ಕಂಡಿತು. ಅದರಲ್ಲಿ ಸಿಟ್ಟೇ ಇರಲಿಲ್ಲ. ಅವನಿನ್ನೂ ಮೆಟ್ಟಿಲ ಮೇಲೇ ಇದ್ದ, ಒಳಗೆ ಬರಲು ಅಪ್ಪಣೆಗೆ ಕಾಯುವವನಂತೆ.

“ಇನ್ನೊಂದ್ಸಲ ಊದ್ಲಾ, ಅಪ್ಪಾ?”