ತಲೆಗೆ ಹೊಡೆಯದ ಕಾಲ

ಬಾಕ್ಸಿಂಗಿನಲ್ಲಿ ತಲೆಗೆ ಗುದ್ದುವುದು ನಿಂತುಹೋದ ಈ ಕಾಲಕ್ಕೆ ಹಳೆಯ ವೀರರನ್ನು ಅವರ ಹರೆಯದ ದಿನಗಳಿಂದ ಕಾಲ ದಾಟಿಸಿ ಕರೆಸಿ ಆಡಿಸುವುದು ಹುಬ್ಬಳ್ಳಿಯವರಿಗೆ ಹೊಸತೇನಲ್ಲ. ಅರವತ್ತು ದಾಟಿದ ನೀಲವ್ವ ಕರೆಸಿಕೊಂಡದ್ದು ತನ್ನ ಅಪ್ಪ ಫಕ್ಕೀರಪ್ಪನನ್ನೇ, ತಾನಿನ್ನೂ ತೊಟ್ಟಿಲಲ್ಲಿದ್ದ ಆ ಕಾಲದಿಂದ. ಆಗ ಅವನ ಗುದ್ದು ತಲೆಗೆ ಬಿದ್ದವನು ಏಳುತ್ತಿರಲಿಲ್ಲ. ತಲೆ ಮುಟ್ಟುವಂತಿಲ್ಲದ ಇಲ್ಲಿ ಅವನು ಇವತ್ತೂ ಸೋತು, ಜನರ ನಗೆಗೀಡಾಗಿ ಕೆಳಗಿಳಿದ.

“ನನ್ನ ಕಾಲಕ್ಕ ವಾಪಸ್ ಕಳಸವಾ. ಅಲ್ಲಿ ನಾ ಹುಲಿ.”

“ಹೌದಪ್ಪಾ, ಅಲ್ಲಿ ಎಲ್ಲಾರ್ನೂ ಗೆದ್ದಿ,” ಅವನ ಕೈಗೆ ಸುತ್ತಿದ್ದ ಪಟ್ಟಿ ಬಿಚ್ಚುತ್ತ ನೀಲವ್ವ ಹೇಳಿದಳು. “ಆದ್ರ ತಲಿಗೆ ಅಷ್ಟ್ ಪೆಟ್ಟು ತಿಂದು, ಕಡೀಕ ದಿನಾ ಮುಂಜಾನೆ ನನ್ನ ನೋಡಿ ‘ನೀ ಯಾರವಾ?’ ಅಂತ ಕೇಳತಿದ್ದಿ.”

ಫಕ್ಕೀರಪ್ಪ ತನಗಿಂತ ಮುದಿಯಾದ ಮಗಳ ಮುಖವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಬಿಚ್ಚಿದ ಕೈಯನ್ನು ಮತ್ತೆ ಮುಂದೆ ಚಾಚಿದ.

“ಪಟ್ಟಿ ಕಟ್ಟು, ನೀಲವ್ವಾ. ನಾಳೆನೂ ಸೋಲೂದೈತಿ.”